ಕೈ ಕಟ್ಟಿ ಕೂರಿಸಿದ್ದು

ಮಾಟುಂಗ ಸ್ಟೇಷನ್ನಿಗೆ ಅಂಟಿಕೊಂಡಂತಿದ್ದ ಹಳೆಯ ಬಿಲ್ಡಿಂಗೊಂದರ ಮೊದಲ ಮಾಳಿಗೆಯಲ್ಲಿ ನಮ್ಮ ಕನ್ನಡ ಶಾಲೆ ನಡೆಯುತ್ತಿತ್ತು. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾಲ್ಕು ಕೋಣೆ, ಮರದ ನೆಲ. ಐವತ್ತರ ದಶಕದ ಮೊದಲ ವರ್ಷಗಳು. ನನಗೆ ಆಗ ಇಪ್ಪತ್ತೊಂದು. ಉಡುಪಿಯ ಕಡೆಯವಳು ನಾನು. ಅಣ್ಣ ಇಲ್ಲಿ ಹೋಟೆಲಿನಲ್ಲಿ ಮ್ಯಾನೇಜರನಾಗಿದ್ದುದರಿಂದ ಟ್ರೈನಿಂಗ್ ಮುಗಿಸಿದವಳೇ ಮುಂಬಯಿಗೆ ಬಂದು ಒಂದನೇ ಇಯತ್ತೆಯ ಟೀಚರ್ ಆದೆ. ಮಕ್ಕಳು ನನ್ನನ್ನು ಮರಾಠಿ ಶಾಲೆಗಳ ರೂಢಿಯಂತೆ "ಬಾಯಿ" ಎಂದು ಕರೆಯುತ್ತಿದ್ದರು. ಊರಿನಿಂದ ಹೊಸತಾಗಿ ಬಂದಿದ್ದ ನನಗೆ ಮೊದಲ ವಾರ ನಗು ಬಂದಿತ್ತು. ಆಮೇಲೆ ಅದೇ ನನ್ನ ಹೆಸರಾಯಿತು.

ನಾನು ಬಂದ ಮೇಲಿನ ಎರಡನೆಯ ಜೂನ್‌ನಲ್ಲಿ ಶಾಲೆ ಶುರುವಾದ ಮೂರನೆಯ ದಿನ, ಧಾರವಾಡದ ಕಡೆಯ ಹೆಂಗಸೊಬ್ಬರು ಆರು ವರ್ಷದ ಮಗಳ ಕೈ ಹಿಡಿದು ಆಂಟಾಪ್ ಹಿಲ್‌ನಿಂದ ನಡೆದುಕೊಂಡು ಬಂದರು. ಗಂಡ ರೈಲ್ವೆಯಲ್ಲಿ ಗುಮಾಸ್ತ. ಮಗುವಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಹೆಡ್‌ಮಾಸ್ತರರು ನಶ್ಯದ ಡಬ್ಬಿಯನ್ನು ತೆರೆದು ಮುಚ್ಚುತ್ತ, "ಕೇಳಲಾರದ ಕೂಸಿಗೆ ಇಲ್ಲಿ ಏನು ಕಲಸೋದ್ರಿ, ತಾಯಿ?" ಎಂದರು. ಅವರೂ ಆ ಸೀಮೆಯವರೇ, ಬಿಜಾಪುರದ ಕಡೆಯವರು.

"ಕಲೀಲಿಲ್ಲಂದ್ರೂ ನಡೀತದ್ರಿ," ಎಂದರು ಆಕೆ. "ಮನ್ಯಾಗ ಒಬ್ಬಾಕಿನ ಗ್ವಾಡಿ ನೋಡಿಕೋತ ಕೂಡ್ತಾಳ. ಹುಡುಗರ ನಡುವ ಕುಂತ್ರ ಸಾಕು."

ಆ ವರ್ಷ ಒಂದನೇ ಇಯತ್ತೆಗೆ ಮಕ್ಕಳು ಕಡಿಮೆ ಬಂದಿದ್ದರು. ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾದರೆ ಒಳ್ಳೆಯದೆಂದು ಹೆಡ್‌ಮಾಸ್ತರರು ಸೇರಿಸಿಕೊಂಡರು. ಕರುಣೆಯಿಂದ ಸೇರಿಸಿಕೊಂಡೆವು ಎಂದು ಆಮೇಲೆ ಅವರೂ ಹೇಳಿದರು, ನಾನೂ ಹೇಳಿದೆ. ಅದು ಸುಳ್ಳು.

ಮೊದಲ ತಿಂಗಳು ನಾನು ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಕೈಗೊಂದು ಪಾಟಿ ಕೊಟ್ಟು ಮರೆತುಬಿಟ್ಟೆ. ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ನಾನೇ ಗುರುತು ಹಾಕಿಕೊಂಡು ಮುಂದೆ ಹೋಗುತ್ತಿದ್ದೆ. ಮಕ್ಕಳು ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ, ಅವಳು ತಿರುಗಲಿಲ್ಲವೆಂದು ನಗುತ್ತಿದ್ದರು. ಕಿವುಡಿ ಎನ್ನುವುದನ್ನು ಹಿಂದಿಯಲ್ಲಿ "ಬಹಿರಿ, ಬಹಿರಿ" ಎಂದು ಕರೆಯುತ್ತಿದ್ದರು. ನಾನು ಬೈಯುತ್ತಿದ್ದೆ, ಆದರೆ ಜೋರಾಗಿ ಅಲ್ಲ. ಅವಳಿಗೆ ಹೇಗೂ ಕೇಳಿಸುವುದಿಲ್ಲವಲ್ಲ ಎಂಬ ಸಮಾಧಾನ ನನ್ನೊಳಗೂ ಇತ್ತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕೋಣೆಗೆ ಬೀಗ ಹಾಕಿ ಕೆಳಗಿಳಿದೆ. ರಸ್ತೆ ದಾಟಿ ತರಕಾರಿ ಕೊಳ್ಳುತ್ತಿದ್ದಾಗ ಆ ತಾಯಿ ಓಡಿ ಬಂದರು. "ಅಕ್ಕಾರ, ನಮ್ಮ ಹುಡುಗಿ ಎಲ್ಲಿ? ಎಲ್ಲಾರೂ ಇಳದು ಹೋದ್ರು, ಆಕಿ ಬರಲೇ ಇಲ್ಲ." ಅವರ ಊರಿನಲ್ಲಿ ಹೆಣ್ಣು ಮಾಸ್ತರರಿಗೆ ಅಕ್ಕಾರು ಎನ್ನುತ್ತಾರೆ.

ಮೇಲೆ ಓಡಿದೆವು. ನಾನು ಬೀಗ ತೆಗೆದಾಗ ಅವಳು ಕಪಾಟಿನ ಪಕ್ಕದಲ್ಲಿ ನಿಂತಿದ್ದಳು. ಅಲ್ಲಿ ಬಿದ್ದಿದ್ದ ಬಳಪ ಹೆಕ್ಕಲು ಅವಳು ಕೂತಿದ್ದಾಗ ನಾನು ಬಾಗಿಲು ಹಾಕಿದ್ದೆ. ಅತ್ತು ಮುಗಿದಿತ್ತು. ಬಾಗಿಲಿಗೆ ಬಡಿದು ಬಡಿದು ಅಂಗೈ ಕೆಂಪಾಗಿತ್ತು. ಕೆಳಗಿನ ಅಂಗಡಿಯವರಿಗೆ ಸದ್ದು ಕೇಳಿತ್ತಂತೆ. ಮಕ್ಕಳು ಆಡುತ್ತಿದ್ದಾರೆ ಎಂದುಕೊಂಡರಂತೆ.

ಅವಳು ತಾಯಿಯ ಬಳಿಗೆ ಹೋಗಲಿಲ್ಲ. ನೇರ ನನ್ನ ಮುಂದೆ ಬಂದು ನಿಂತು, ಗಾಳಿಯಲ್ಲಿ ಕೀಲಿ ತಿರುಗಿಸಿದಂತೆ ಮಾಡಿದಳು. ಆಮೇಲೆ ಇಲ್ಲದ ಸೆರಗೊಂದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಕೀಲಿ. ಮತ್ತೆ ಸೆರಗು.

"ಏನು ಹೇಳ್ತಾಳೆ?" ಎಂದು ಕೇಳಿದೆ.

"ಏನಿಲ್ಲ ಬಿಡ್ರಿ, ಹುಡುಗು ಬುದ್ಧಿ."

"ಇಲ್ಲ, ಹೇಳಿ."

ತಾಯಿ ನೆಲ ನೋಡಿಕೊಂಡು ಹೇಳಿದರು, "ನೀವ ಕೀಲಿ ಹಾಕಿದ್ರಿ ಅಂತಾಳ್ರಿ. ಸೆರಗು ಸಿಗಸೋದು ಅಂದ್ರ ನೀವು. ಪಾಠ ಹೇಳೂ ಮುಂದ ಹಂಗ ಮಾಡ್ತೀರಂತಲ್ಲ. ಆಕಿ ನಿಮಗ ಇಟ್ಟ ಹೆಸರು ಅದು."

ಒಂದು ತಿಂಗಳು ನಾನು ಅವಳನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಅವಳು ನನ್ನನ್ನು ದಿನವೂ ನೋಡಿ, ನನಗೊಂದು ಹೆಸರಿಟ್ಟು, ಮನೆಗೆ ಹೋಗಿ ನನ್ನ ಸುದ್ದಿ ಹೇಳುತ್ತಿದ್ದಳು.

ಮರುದಿನ ಭಾನುವಾರ ನಾನು ಆಂಟಾಪ್ ಹಿಲ್‌ಗೆ ಅವರ ಮನೆ ಹುಡುಕಿಕೊಂಡು ಹೋದೆ. ಚಾಳಿನ ಒಂದು ಖೋಲಿ. ಗಂಡ ಊರವರೊಬ್ಬರನ್ನು ನೋಡಲು ಚೆಂಬೂರಿಗೆ ಹೋಗಿದ್ದರು. ನನಗೆ ಈ ಸನ್ನೆಗಳನ್ನು ಕಲಿಸಿಕೊಡಿ ಎಂದೆ. ಆಕೆಗೆ ನಾಚಿಕೆಯಾಯಿತು. "ಇವು ಪುಸ್ತಕದಾಗಿನವು ಅಲ್ರಿ. ನಾನೂ ಆಕಿನೂ ಕೂಡಿ ಮಾಡಿಕೊಂಡದ್ದು. ನಮ್ಮ ಮನಿಯವರ ಮುಂದ ನಾವು ಮಾಡೂದಿಲ್ಲ, ಅವರಿಗೆ ಸೇರೂದಿಲ್ಲ."

ಆದರೂ ಕಲಿಸಿದರು. ಹೆಬ್ಬೆರಳನ್ನು ತುಟಿಗೆ ಒಯ್ದರೆ ನೀರು. ಅಂಗೈಗಳನ್ನು ತಟ್ಟಿದರೆ ರೊಟ್ಟಿ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿದರೆ ಅಪ್ಪ. ಬೆರಳುಗಳು ಮೇಲಿನಿಂದ ಇಳಿದರೆ ಮಳೆ. ಮುಷ್ಟಿ ಎದೆಗೆ ಒತ್ತಿದರೆ ಸಿಟ್ಟು. ಬೆನ್ನ ಹಿಂದಕ್ಕೆ ಕೈ ಬೀಸಿದರೆ ನಿನ್ನೆ, ಮುಂದಕ್ಕೆ ಬೀಸಿದರೆ ನಾಳೆ. ನಾನು ತಪ್ಪು ಮಾಡಿದಾಗ ಮಗು ಹೊಟ್ಟೆ ಹಿಡಿದು ನಗುತ್ತಿತ್ತು, ಬಂದು ನನ್ನ ಬೆರಳುಗಳನ್ನು ಹಿಡಿದು ಸರಿಮಾಡುತ್ತಿತ್ತು. ಮೂರು ನಾಲ್ಕು ಭಾನುವಾರ ಹೋದೆ. ಎಣಿಸಿದ್ದರೆ ಅರವತ್ತು ಸನ್ನೆಗಳಿದ್ದವೇನೋ. ತಾಯಿ ಮಗಳು ಅಷ್ಟರಲ್ಲೇ ದಿನವಿಡೀ ಜಗಳವಾಡುತ್ತಿದ್ದರು, ರಾಜಿಯಾಗುತ್ತಿದ್ದರು, ಕೆಳಮನೆಯ ಮುದುಕಿಯನ್ನು ಆಡಿಕೊಳ್ಳುತ್ತಿದ್ದರು.

ಆಮೇಲೆ ತರಗತಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಮಕ್ಕಳಿಗೆ ಸನ್ನೆ ಕಲಿಸತೊಡಗಿದೆ. ಅವಳನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದೆ. ಕಲಿಸಿದ್ದು ನಾನು ಎನ್ನುವುದು ಪೂರ್ತಿ ನಿಜವಲ್ಲ; ನಾನು ಒಂದು ತೋರಿಸಿದರೆ ಅವಳು ಎದ್ದು ಬೆಂಚಿನಿಂದ ಬೆಂಚಿಗೆ ಹೋಗಿ ಬೆರಳು ತಿದ್ದುತ್ತಿದ್ದಳು. ಕರಾವಳಿಯ ಮಕ್ಕಳಿಗೆ ಜೋಳದ ರೊಟ್ಟಿ ಗೊತ್ತಿರಲಿಲ್ಲ. ರೊಟ್ಟಿಯ ಸನ್ನೆಯನ್ನು ಚಪ್ಪಾಳೆ ಎಂದುಕೊಂಡು ಹಾಡು ಹೇಳತೊಡಗಿದರು. ಅವಳು ತಲೆಗೆ ಕೈ ಇಟ್ಟುಕೊಂಡಳು. ಮರುದಿನ ಡಬ್ಬಿಯಲ್ಲಿ ರೊಟ್ಟಿ ತಂದು ಎಲ್ಲರಿಗೂ ಒಂದೊಂದು ಚೂರು ಕೊಟ್ಟಳು.

ಎಲ್ಲರಿಗೂ ಹೆಸರಿಟ್ಟಳು. ಜಾರುವ ಚಡ್ಡಿಯವನು, ಕೆನ್ನೆಯ ಮಚ್ಚೆಯವನು, ಎರಡು ಜಡೆಯವಳು. ಅವಳ ಪಕ್ಕ ಕೂರುತ್ತಿದ್ದ ಹುಡುಗಿಯ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಆ ಹುಡುಗಿಯ ಹೆಸರು ತುಟಿಯ ಮೇಲೆ ಎರಡು ಬೆರಳು. ಅವಳೂ ನಮ್ಮ ಕಡೆಯವಳೇ, ಹೋಟೆಲಿನ ಅಡುಗೆಯವರ ಮಗಳು, ಮನೆಯಲ್ಲಿ ತುಳು. ಕನ್ನಡವನ್ನೇ ತಡವರಿಸಿ ಮಾತಾಡುತ್ತಿದ್ದ ಆ ಹುಡುಗಿ ಸನ್ನೆಯನ್ನು ಎಲ್ಲರಿಗಿಂತ ಬೇಗ ಕಲಿತಳು. ಹೆಡ್‌ಮಾಸ್ತರರಿಗೂ ಒಂದು ಹೆಸರು ಬಂತು: ಮೂಗಿಗೆ ಚಿಟಿಕೆ ಒಯ್ದು ಸೀನುವುದು. ಅದನ್ನು ಆಗಲೇ ತಡೆಯಬೇಕಿತ್ತು. ನನಗೂ ನಗು ಬಂದಿತ್ತು.

ಲೋಕಲ್ ರೈಲು ಹಾಯುವಾಗ ಮರದ ನೆಲ ಸಣ್ಣಗೆ ನಡುಗುತ್ತಿತ್ತು. ನಮಗೆ ಸದ್ದು ಕೇಳುವ ಮೊದಲೇ ಅವಳು ಕಿಟಕಿಯ ಕಡೆ ತಿರುಗಿರುತ್ತಿದ್ದಳು. ಮಕ್ಕಳು ಅದನ್ನು ಕಂಡುಹಿಡಿದ ಮೇಲೆ ತರಗತಿಯೆಲ್ಲ ಚಪ್ಪಲಿ ಬಿಟ್ಟು ಅಂಗಾಲು ಒತ್ತಿ, ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಯಾರೂ ಅವಳನ್ನು ಬಹಿರಿ ಎನ್ನುತ್ತಿರಲಿಲ್ಲ. ಲೆಕ್ಕದಲ್ಲಿ ಅವಳು ಚುರುಕು. ನಾನು ಹಲಗೆಗೆ ತಿರುಗಿದರೆ ಉತ್ತರ ಬೆರಳುಗಳ ಮೇಲೆ ಬೆಂಚಿನಿಂದ ಬೆಂಚಿಗೆ ಹರಿದುಹೋಗುತ್ತಿತ್ತು. ನನಗೆ ಗೊತ್ತಾಗುತ್ತಿತ್ತು. ಬೈಯುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕೇಳಿಸದಿದ್ದರೆ ಹೇಗಿರುತ್ತದೆ ಎಂದು ಅವರಿಗೆ ತಿಳಿಯಲಿ ಅಂತ ಒಂದು ದಿನ ಎಲ್ಲರ ಕಿವಿಗೂ ಹತ್ತಿ ತುರುಕಿಸಿ, ಒಂದು ಗಂಟೆ ಸನ್ನೆಯಲ್ಲೇ ಪಾಠ ಮಾಡಿದೆ. ಚಡ್ಡಿ ಜಾರುವವನ ಕಿವಿಯೊಳಗೆ ಹತ್ತಿ ಸಿಕ್ಕಿಕೊಂಡಿತು. ಅವನು ಮನೆಯಲ್ಲಿ ಹೇಳಲಿಲ್ಲ. ಎರಡು ದಿನದ ಮೇಲೆ ನೋವಾಗಿ ಡಾಕ್ಟರರ ಹತ್ತಿರ ತೆಗೆಸಬೇಕಾಯಿತು. ತಂದೆ ಶಾಲೆಗೆ ಬಂದರು. ಕುಂದಾಪುರದ ಕಡೆಯವರು, ಮೃದು ಮಾತಿನವರು.

"ಟೀಚರೇ, ನಾನು ಮಗನನ್ನು ಶಾಲೆಗೆ ಕಳಿಸಿದ್ದು ಅಕ್ಷರ ಕಲೀಲಿಕ್ಕೆ. ಕಿವುಡು ಕಲೀಲಿಕ್ಕಲ್ಲ. ಮನೇಲಿ ಊಟಕ್ಕೆ ಕೂತ್ರೂ ಬಾಯಿ ಬಿಡುದಿಲ್ಲ, ಕೈ ಆಡಿಸ್ತಾನೆ. ಅವನ ಅಜ್ಜಿ ಮಗುವಿಗೆ ಎಂತದೋ ಹಿಡಿದಿದೆ ಅಂತ ಅಳ್ತಾ ಕೂತಿದ್ದಾರೆ."

ಹತ್ತಿಯ ವಿಷಯದಲ್ಲಿ ತಪ್ಪು ನನ್ನದೇ. ಕ್ಷಮೆ ಕೇಳಿದೆ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಇನ್ನಿಬ್ಬರು ಬಂದರು. ಅವಳ ಪಕ್ಕ ಕೂತರೆ ನಮ್ಮ ಮಗುವಿಗೂ ಮಾತು ನಿಂತೀತು ಎಂದು ಒಬ್ಬರು ಹೆಡ್‌ಮಾಸ್ತರರಲ್ಲಿ ಹೇಳಿಹೋದರು. ಇವರೆಲ್ಲ ಆ ಮಗುವನ್ನು ಮೆಟ್ಟಿಲಲ್ಲಿ ಕಂಡರೆ ಅಯ್ಯೋ ಪಾಪ ಎಂದು ತಲೆ ಸವರುತ್ತಿದ್ದವರು.

ದೀಪಾವಳಿ ರಜೆ ಮುಗಿದ ಮೇಲೆ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರರು ಬಂದರು. ಹೆಡ್‌ಮಾಸ್ತರರು ಕೋಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಇನ್‌ಸ್ಪೆಕ್ಟರರು ಅವರನ್ನು ತೋರಿಸಿ, "ಇವರು ಯಾರು, ಹೇಳಿ ನೋಡೋಣ," ಎಂದು ಮಕ್ಕಳನ್ನು ಕೇಳಿದರು. ಹಲ್ಲಿಲ್ಲದ ಹುಡುಗಿ ಎಂದಿನಂತೆ ಪಕ್ಕದವಳಿಗೆ ಸನ್ನೆಯಲ್ಲಿ ಪ್ರಶ್ನೆ ದಾಟಿಸಿದಳು. ನನ್ನ ಹುಡುಗಿ ಎದ್ದು ನಿಂತು, ಮೊದಲ ಸಲ ದೊಡ್ಡವರೊಬ್ಬರ ಪ್ರಶ್ನೆಗೆ ಉತ್ತರ ಹೇಳುವ ಸಡಗರದಲ್ಲಿ, ಮೂಗಿಗೆ ಚಿಟಿಕೆ ಒಯ್ದು ಜೋರಾಗಿ ಸೀನಿದಳು. ಸರಿಯಾಗಿದೆ ಎಂಬಂತೆ ಇಡೀ ತರಗತಿ ಅದೇ ಸನ್ನೆ ಮಾಡಿತು.

ಇನ್‌ಸ್ಪೆಕ್ಟರರು ನಕ್ಕರು. ಹೆಡ್‌ಮಾಸ್ತರರು ನಗಲಿಲ್ಲ.

ಮರುದಿನ ಕರೆಸಿದರು. "ಬಾಯಿ, ನೀವಿನ್ನೂ ಸಣ್ಣವರು. ಸಾಲಿ ಅಂದ್ರ ಮಂಗ್ಯಾನ ಆಟ ಅಲ್ಲ. ಹೋಗಲಿ, ನನ್ನ ಮಾತು ಬಿಡ್ರಿ. ಆ ಹುಡುಗಿಗೆ ಉಪಕಾರ ಮಾಡಾಕತ್ತೀನಿ ಅಂತ ತಿಳಕೊಂಡೀರಿ. ನಾಳೆ ಆಕಿ ಈ ಊರಾಗ ಯಾರ ಜೋಡಿ ಕೈ ಆಡಿಸಬೇಕು? ನಿಮ್ಮ ಮೂವತ್ತು ಮಂದಿ ಹುಡುಗರು ಆಕಿ ಬೆನ್ನಿಂದ ಹೋಗ್ತಾರೇನು?"

ಅವರು ಕಿವುಡ ಮಕ್ಕಳ ಶಾಲೆಯೊಂದರ ವಿಳಾಸ ಬರೆದುಕೊಟ್ಟು, ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು. ಆ ವಿಳಾಸವನ್ನು ಹುಡುಗಿಯ ತಂದೆಗೂ ಕಳಿಸಿದ್ದರೆಂದು ಆಮೇಲೆ ತಿಳಿಯಿತು.

ತಾಯಿ, ಮಗಳು, ನಾನು ಲೋಕಲ್ ಹಿಡಿದು, ಆಮೇಲೆ ಟ್ರಾಮ್ ಹಿಡಿದು ಹೋದೆವು. ಅಲ್ಲಿಯ ಮುಖ್ಯ ಟೀಚರ್ ವಯಸ್ಸಾದ ಮರಾಠಿ ಹೆಂಗಸು, ಬಿಳಿ ಸೀರೆ, ತುಂಬ ಸಹನೆ. ಪಾಠ ನೋಡಲು ಬಿಟ್ಟರು. ಎಂಟು ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅರ್ಧವೃತ್ತದಲ್ಲಿ ಕೂತಿದ್ದರು. ಒಬ್ಬೊಬ್ಬರ ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು "ಪ" ಎನ್ನಿಸುತ್ತಿದ್ದರು. ಕಾಗದ ಅಲುಗಾಡಿದರೆ ಸರಿ. ಒಬ್ಬ ಹುಡುಗ ಕಾಗದ ಅಲುಗಿಸಲು ಪಟ್ಟ ಪಾಡು ನೋಡಲಾಗದೆ ನಾನು ಕಿಟಕಿಯ ಹೊರಗೆ ನೋಡಿದೆ.

"ಕೈ ಮಾತಾಡತೊಡಗಿದರೆ ಬಾಯಿ ಸೋಮಾರಿಯಾಗುತ್ತದೆ," ಎಂದರು ಆ ಹೆಂಗಸು ಮರಾಠಿಯಲ್ಲಿ. "ಬರುವ ಜೂನ್‌ನಲ್ಲಿ ಸೇರಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಇವಳ ಕೈಗೆ ಯಾರೂ ಉತ್ತರ ಕೊಡಬಾರದು. ಬಾಯಿ ತೆರೆದರೆ ಮಾತ್ರ ನೀರು, ಬಾಯಿ ತೆರೆದರೆ ಮಾತ್ರ ಊಟ. ನೋಡಲಿಕ್ಕೆ ಕಷ್ಟ. ಆದರೆ ಇವಳ ಬಾಳಿನ ಪ್ರಶ್ನೆ."

ಹೊರಟು ಬರುವಾಗ ನೀರಿನ ನಲ್ಲಿಯ ಹಿಂದೆ ದೊಡ್ಡ ಹುಡುಗಿಯರಿಬ್ಬರು ಕೈಗಳಲ್ಲಿ ಮಾತಾಡುತ್ತಿದ್ದರು. ಎಷ್ಟು ವೇಗ ಎಂದರೆ ನಮ್ಮ ಅರವತ್ತು ಸನ್ನೆಗಳು ಅದರ ಮುಂದೆ ತೊದಲು. ನಮ್ಮ ಹುಡುಗಿ ನಿಂತೇಬಿಟ್ಟಳು. ನಮ್ಮನ್ನು ಕಂಡೊಡನೆ ಅವರು ಕೈಗಳನ್ನು ಲಂಗದ ಮಡಿಕೆಗಳಲ್ಲಿ ಅಡಗಿಸಿ ಗೋಡೆಗೆ ಒರಗಿದರು. ನಾನು ಅದನ್ನು ಕಂಡೆ. ತಾಯಿಗೆ ತೋರಿಸಿ ಒಂದು ಮಾತು ಹೇಳಬಹುದಿತ್ತು. ಬಿಳಿ ಸೀರೆಯ ಹೆಂಗಸಿಗೆ ಮೂವತ್ತು ವರ್ಷದ ಅನುಭವ, ನನಗೆ ಎರಡು. ಹೇಳಲಿಲ್ಲ.

ಟ್ರಾಮಿನಲ್ಲಿ ತಾಯಿ ಮಗಳ ಎರಡೂ ಕೈಗಳನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದರು. "ಅಕ್ಕಾರ, ನೀವೂ ಬಿಟ್ಟುಬಿಡ್ರಿ," ಎಂದರು. "ಒಂದ ಸಲ ಆಕಿ ಬಾಯಿಲೆ ಅವ್ವಾ ಅಂದ್ರ ಸಾಕು ನನಗ. ಮತ್ತೇನೂ ಬ್ಯಾಡ."

ಮರುದಿನ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ನಾನು ಮಕ್ಕಳಿಗೆ ಹೇಳಿದೆ, "ಇವತ್ತಿನಿಂದ ಕೈಯಲ್ಲಿ ಮಾತಾಡಬಾರದು. ಅವಳು ಕೈ ಮಾಡಿದರೆ ಯಾರೂ ತಿರುಗಿ ಕೈ ಮಾಡಬಾರದು."

ಹಲ್ಲಿಲ್ಲದ ಹುಡುಗಿ ಎದ್ದಳು. "ಮತ್ತೆ ಅವಳ ಹತ್ರ ಎಂತ ಮಾಡುದು, ಬಾಯಿ?"

"ಬಾಯಲ್ಲಿ ಮಾತಾಡು."

"ಅವಳಿಗೆ ಕೇಳುದಿಲ್ಲಲ್ಲ."

"ಕೂತ್ಕೋ. ಎಲ್ಲರೂ ಕೈ ಕಟ್ಟಿ."

ಎಲ್ಲರೂ ಕೈ ಕಟ್ಟಿ ಕೂತರು. ಅವಳಿಗೆ ಮಾತ್ರ ಏನಾಯಿತೆಂದು ಹೇಳುವವರಿಲ್ಲ. ಹೇಳಬೇಕಾದರೆ ಸನ್ನೆಯಲ್ಲೇ ಹೇಳಬೇಕಿತ್ತು, ಅದನ್ನೇ ನಾನು ನಿಲ್ಲಿಸಿದ್ದೆ. ಮೊದಲ ದಿನ ಅವಳು ಇದೊಂದು ಹೊಸ ಆಟ ಎಂದುಕೊಂಡಳು. ಬೆಂಚಿನಿಂದ ಬೆಂಚಿಗೆ ಹೋಗಿ ಮಳೆ ಎಂದಳು, ರೊಟ್ಟಿ ಎಂದಳು, ಒಬ್ಬೊಬ್ಬರ ಹೆಸರು ಹಿಡಿದು ಕರೆದಳು. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಎರಡನೆಯ ದಿನ ನನ್ನ ಮೇಜಿನ ಮುಂದೆ ಬಂದು ಮುಷ್ಟಿಯನ್ನು ಎದೆಗೆ ಒತ್ತಿ, ನನ್ನನ್ನು ತೋರಿಸಿ, ಹುಬ್ಬು ಏರಿಸಿದಳು. ಸಿಟ್ಟೇ ಎಂದು ಕೇಳುತ್ತಿದ್ದಳು. ನಾನು ಅವಳ ಎರಡೂ ಕೈ ಹಿಡಿದು ಕೆಳಗಿಳಿಸಿ, ನನ್ನ ಬಾಯಿ ತೋರಿಸಿ, "ಬಾ-ಯಿ" ಎಂದು ನಿಧಾನವಾಗಿ ಹೇಳಿದೆ. ಅವಳು ನನ್ನ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿ ಹೋಗಿ ಕೂತಳು.

ಮಕ್ಕಳು ಎಷ್ಟು ಬೇಗ ಕಲಿತಿದ್ದರೋ ಅಷ್ಟೇ ಬೇಗ ಬಿಟ್ಟರು. ಹಲ್ಲಿಲ್ಲದ ಹುಡುಗಿಯೊಬ್ಬಳು ಬಿಡಲಿಲ್ಲ. ಡೆಸ್ಕಿನ ಕೆಳಗೆ ಕೈ ಇಟ್ಟುಕೊಂಡು ಮಾತಾಡುತ್ತಿದ್ದಳು. ನಾನು ಎರಡು ಸಲ ಕಂಡೂ ಕಾಣದಂತೆ ಇದ್ದೆ. ಮೂರನೆಯ ಸಲ ಹೆಡ್‌ಮಾಸ್ತರರು ಬಾಗಿಲಲ್ಲಿದ್ದರು. ನಾನು ರೂಲು ದೊಣ್ಣೆ ತೆಗೆದುಕೊಂಡು ಹೋಗಿ ಆ ಹುಡುಗಿಯ ಬೆರಳುಗಳ ಗಿಣ್ಣಿನ ಮೇಲೆ ಎರಡು ಏಟು ಹಾಕಿದೆ. ನನ್ನ ಕೈಯಿಂದ ಅಲ್ಲಿಯವರೆಗೆ ಯಾವ ಮಗುವೂ ಏಟು ತಿಂದಿರಲಿಲ್ಲ. ಅವಳು ಅಳಲಿಲ್ಲ. ಪಕ್ಕದವಳು ಅತ್ತಳು, ಅವಳದೇ ಆದ ದೊಡ್ಡ ಒರಟು ದನಿಯಲ್ಲಿ. ಆ ದನಿ ಕೇಳಿ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಅಂದಿನಿಂದ ಅವಳು ಕೈ ಎತ್ತಲಿಲ್ಲ. ಇಡೀ ಶಾಲೆಯಲ್ಲಿ ಅವಳಷ್ಟು ಚೆನ್ನಾಗಿ ಕೈ ಕಟ್ಟಿ ಕೂರುವ ಮಗು ಇರಲಿಲ್ಲ. "ಈಗ ನೋಡ್ರಿ, ಹೆಂಗ ಶಿಸ್ತು ಬಂತು," ಎಂದರು ಹೆಡ್‌ಮಾಸ್ತರರು. ಲೆಕ್ಕದ ಉತ್ತರಗಳನ್ನು ಪಾಟಿಯಲ್ಲಿ ಬರೆದು, ಯಾರಿಗೂ ಕಾಣದಂತೆ ತಾನೇ ಒರೆಸಿಬಿಡುತ್ತಿದ್ದಳು. ಮಾರ್ಚ್ ಹೊತ್ತಿಗೆ ಮಕ್ಕಳು ಮತ್ತೆ ಅವಳ ಬೆನ್ನ ಹಿಂದೆ ಚಪ್ಪಾಳೆ ತಟ್ಟತೊಡಗಿದರು. ಜೂನ್‌ನಲ್ಲಿ ಅವಳು ಆ ಶಾಲೆಗೆ ಹೋದಳು. ಹೇಳಿ ಹೋಗಲು ತಾಯಿಯೊಬ್ಬರೇ ಬಂದಿದ್ದರು.

ಐದು ವರ್ಷದ ಮೇಲೆ ಮಾಟುಂಗ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಆ ತಾಯಿ ಸಿಕ್ಕರು. ಕೂದಲು ನೆರೆತಿತ್ತು. ಮಗಳು ಹೇಗಿದ್ದಾಳೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ; ಅವರೇ ಹೇಳಿದರು.

"ಅವ್ವಾ ಅಂತಾಳ್ರಿ ಅಕ್ಕಾರ. ಅಪ್ಪಾ ಅಂತಾಳ, ನೀರು ಅಂತಾಳ. ಹತ್ತಿಪ್ಪತ್ತು ಮಾತು ಬರ್ತಾವ. ಅವರ ಅಪ್ಪಗ ಭಾಳ ಸಂತೋಷ, ಬಂದವರ ಮುಂದೆಲ್ಲಾ ಅನಸ್ತಾರ." ಮಲ್ಲಿಗೆ ಮಾಲೆಯನ್ನು ಎಲೆಯಲ್ಲಿ ಸುತ್ತಿಸಿಕೊಂಡರು. "ಮೊದಲೆಲ್ಲಾ ನಿಮ್ಮ ಸಾಲಿಯಿಂದ ಬಂದಾಕಿನ ಎಲ್ಲಾ ಸುದ್ದಿ ಹೇಳತಿದ್ಲು. ಯಾರು ಬಿದ್ರು, ಯಾರು ನಕ್ಕರು, ನೀವು ಯಾವ ಸೀರಿ ಉಟ್ಟಿದ್ರಿ. ಈಗ ಅವ್ವಾ ಅಂತಾಳ, ಸುಮ್ಮನ ಕೂಡ್ತಾಳ. ಅವ್ವಾ ಅಂದ ಮ್ಯಾಲೆ ಮುಂದಿಂದು ಹೇಳಾಕ ಆಕಿಗೆ ಮಾತಿಲ್ಲ. ಕೈಲೆ ಹೇಳವಾ ಅಂತ ಮೊನ್ನೆ ನಾನ ಕೇಳಿದೆ. ನನ್ನ ಕೈ ಹಿಡದು ಕೆಳಗ ಇಳಿಸಿದಳು."

ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತೇನೋ. ಮನೆಗೆ ಬನ್ನಿ ಎಂದು ಕರೆಯದೆ ಹೊರಟುಹೋದರು.

ಆ ಶಾಲೆಯಲ್ಲಿ ನಾನು ಇನ್ನೂ ಬಹಳ ವರ್ಷ ಇದ್ದೆ. ಕಿವಿ ಕೇಳಿಸದ ಮಕ್ಕಳನ್ನು ಇನ್ನೆರಡು ಸಲ ಕರೆತಂದರು. ಆಗ ನಾನೇ ಹಿರಿಯ ಟೀಚರ್, ಹೆಡ್‌ಮಾಸ್ತರರವರೆಗೆ ಹೋಗಬೇಕಾಗಿರಲಿಲ್ಲ. ಇಲ್ಲಿ ಆಗುವುದಿಲ್ಲ, ಅವರಿಗೆಂದೇ ಬೇರೆ ಶಾಲೆ ಇದೆ ಎಂದು ಎರಡೂ ಸಲ ನಾನೇ ಹೇಳಿ, ವಿಳಾಸ ಬರೆದುಕೊಟ್ಟೆ. ಎರಡನೆಯ ಮಗುವಿನ ತಂದೆ ತುಂಬ ಉಪಕಾರವಾಯಿತು ಎಂದು ನನಗೆ ಕೈಮುಗಿದರು. ಮೆಟ್ಟಿಲಿಳಿಯುವ ಮೊದಲು ಆ ಮಗು ನೀರು ಕೇಳುವಂತೆ ಹೆಬ್ಬೆರಳನ್ನು ತುಟಿಗೆ ಒಯ್ದು ನನ್ನ ಕಡೆ ನೋಡಿತು. ತಂದೆಗೆ ಅದು ಕಾಣಲಿಲ್ಲ. ನನಗೆ ಕಂಡಿತು. ಮುಂದಿನ ಪಿರಿಯಡ್ಡಿನ ಗಂಟೆ ಹೊಡೆದಿತ್ತು. ನಾನು ತರಗತಿಗೆ ಹೋದೆ.